ಸುಣ್ಣದ ಗೆರೆಯ ಒಳಗಿನ ‘ಲೇ’

ಗೌಸಮೊದ್ದೀನ ಮಾಸ್ತರರನ್ನು ಉಡಚಪ್ಪ ಮೊದಲು ಕಂಡದ್ದು ಧಾರವಾಡದ ಕಾಲೇಜಿನ ಜಿಮಖಾನಾ ಕೋಣೆಯಲ್ಲಿ. ೧೯೩೫ರ ಮಳೆಗಾಲದ ಒಂದು ಮಧ್ಯಾಹ್ನ. ಹೊರಗೆ ಜಿಟಿಜಿಟಿ ಮಳೆ. ಒಳಗೆ ಒದ್ದೆ ತೊಗಲಿನ ವಾಸನೆ, ಗೋಡೆಗೆ ಒರಗಿಸಿಟ್ಟ ಹಾಕಿ ಕೋಲುಗಳು, ಮೂಲೆಯಲ್ಲಿ ಸುಣ್ಣದ ಡಬ್ಬಿ. ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ನಲವತ್ತರ ಆಸುಪಾಸಿನ ಗಿಡ್ಡ ಮನುಷ್ಯರೊಬ್ಬರು ಕೂತಿದ್ದರು. ಖಾಕಿ ಚಡ್ಡಿ, ಬಿಳಿ ಅಂಗಿ, ತಲೆಯ ಮೇಲೆ ಕಪ್ಪು ಟೊಪ್ಪಿಗೆ. ಮೊಣಕಾಲುಗಳ ನಡುವೆ ಚೆಂಡು ಸಿಕ್ಕಿಸಿಕೊಂಡು, ಅದರ ಬಾಯಿಗೆ ತೊಗಲಿನ ದಾರ ಪೋಣಿಸಿ ಬಿಗಿಯುತ್ತಿದ್ದರು.

ಉಡಚಪ್ಪ ಕಾಲೇಜಿಗೆ ಹೊಸಬ. ಆಫೀಸು ಹುಡುಕಿಕೊಂಡು ಹೊರಟವನನ್ನು ಯಾರೋ ಚೇಷ್ಟೆಗೆ ಈ ಕೋಣೆಗೆ ಅಟ್ಟಿದ್ದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈಮುಗಿದ.

“ನಮಸ್ಕಾರ್ರಿ. ಆಫೀಸು ಇದೇ ಏನ್ರಿ?”

“ಬರ್ರಿ, ಬರ್ರಿ. ಕೂಡ್ರಿ. ಇಲ್ಲೊಂಚೂರು ಹೆಬ್ಬೆಟ್ಟು ಇಡ್ರಿ.”

ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ಆದರೆ ತನ್ನಂಥವನಿಗೆ ದೊಡ್ಡ ಮನುಷ್ಯರೊಬ್ಬರು ‘ಕೂಡ್ರಿ’ ಅಂದದ್ದೇ ಮೊದಲು. ಉಡಚಪ್ಪ ಗಡಬಡಿಸಿ ಕೂತು, ದಾರದ ಗಂಟು ಜಾರದಂತೆ ಹೆಬ್ಬೆರಳು ಒತ್ತಿ ಹಿಡಿದ. ಮಾಸ್ತರರು ದಾರವನ್ನು ಹಲ್ಲಿನಿಂದ ಕಚ್ಚಿ ಎಳೆದರು. ಗಂಟಿನೊಳಗೆ ಹೆಬ್ಬೆರಳೂ ಸಿಕ್ಕಿಕೊಂಡಿತು. ಮಾಸ್ತರರಿಗೆ ಅದು ತಿಳಿಯಲಿಲ್ಲ. ಇನ್ನೊಂದು ಸುತ್ತು ಬಿಗಿದರು. ಉಗುರು ಕೆಂಪಾಯಿತು, ನೀಲಿಯಾಯಿತು. ಉಡಚಪ್ಪನ ಹಣೆಯ ಮೇಲೆ ಬೆವರು ಮೂಡಿತು. ಕಡೆಗೆ ಮೆಲ್ಲಗೆ ಕೆಮ್ಮಿದ.

“ತಪ್ಪ ತಿಳಕೋಬ್ಯಾಡ್ರಿ. ನನ್ನ ಬೆರಳು ಸಿಕ್ಕೈತ್ರಿ.”

ಮಾಸ್ತರರು ನೋಡಿದರು. ಅವಸರದಿಂದ ದಾರ ಸಡಿಲಿಸಿ, ಬೆರಳನ್ನು ತಮ್ಮ ಅಂಗೈಯಲ್ಲಿ ತಿಕ್ಕಿ, ಆಮೇಲೆ ನಕ್ಕರು.

“ಅರೆ ಭಾಯಿ! ಬೆರಳು ಕರ್ರಗಾಗುತನಾ ಮರ್ಯಾದಿ ಹಿಡಕೊಂಡು ಕುಂತ್ರೆಲ್ರಿ! ‘ಅಯ್ಯೋ’ ಅನ್ನಾಕೂ ಅಪ್ಪಣಿ ಬೇಕೇನ್ರಿ ನಿಮಗ?”

ಊರು ಯಾವುದು, ಮನೆಯಲ್ಲಿ ಏನು ಕೆಲಸ ಎಂದು ವಿಚಾರಿಸಿದರು. ಉಡಚಪ್ಪ ನವಲಗುಂದದ ಕಡೆಯ ಎರಿ ಹೊಲದ ಹಳ್ಳಿಯವನು. ಸುಗ್ಗಿಯಲ್ಲಿ ಬಣವೆ ಒಟ್ಟುವಾಗ ಮೇಲೆ ನಿಂತು, ಕೆಳಗಿನಿಂದ ಎಸೆದ ಸಿವುಡನ್ನು, ಅಂದರೆ ದಂಟಿನ ಕಟ್ಟನ್ನು, ಹಿಡಿಯುವ ಕೆಲಸ ಅವನದೇ ಎಂದು ಕೇಳಿ ಮಾಸ್ತರರ ಕಣ್ಣುಗಳು ಸಣ್ಣಗಾದವು. ಕೈಯಲ್ಲಿದ್ದ ಚೆಂಡನ್ನು ಹೇಳದೆ ಕೇಳದೆ ಅವನ ಮುಖಕ್ಕೇ ಎಸೆದರು. ಉಡಚಪ್ಪ ಹಿಡಿದ.

“ಆಫೀಸು ಆ ಕಡೆ ಐತ್ರಿ. ಸಂಜಿಗೆ ಬೈಲಿಗೆ ಬರ್ರಿ.”

ಹೀಗೆ ಅವನು ಕಾಲೇಜಿನ ಫುಟ್‌ಬಾಲ್ ತಂಡದ ಗೋಲಿಯಾದ, ಗೋಲಿನ ಜಾಳಿಗೆ ಕಾಯುವವನಾದ.

ಗೌಸಮೊದ್ದೀನ ಮಾಸ್ತರರು ಹುಬ್ಬಳ್ಳಿಯವರು. ತಂದೆ ದುರ್ಗದಬೈಲಿನಲ್ಲಿ ಕಂದೀಲು, ಸ್ಟೋವು ರಿಪೇರಿ ಮಾಡುತ್ತಿದ್ದರು. ಮಾಸ್ತರರು ಪ್ರಾಯದಲ್ಲಿ ರೇಲ್ವೆ ಕಾರಖಾನೆಯಲ್ಲಿ ಫಿಟ್ಟರ್ ಆಗಿದ್ದು ಅಲ್ಲಿಯ ತಂಡದಲ್ಲಿ ಆಡಿದವರು. ಮೊಣಕಾಲಿಗೆ ಪೆಟ್ಟು ಬಿದ್ದ ಮೇಲೆ ಕಾಲೇಜಿನವರು ಅವರನ್ನು ಆಟ ಕಲಿಸಲು ಕರೆತಂದರು. ಸೌಮ್ಯ ಮನುಷ್ಯರೆಂದು ಹೇಳುವಂತಿರಲಿಲ್ಲ. ಸೋತರೆ ನಾಲ್ಕಾರು ದಿನ ಯಾರೊಡನೆಯೂ ಮಾತಿಲ್ಲ. ಗೋಲು ಹೊಡೆದು ಕುಣಿದವನನ್ನು ಹೊರಗೆ ಕೂಡಿಸುತ್ತಿದ್ದರು. “ಹತ್ತು ಮಂದಿ ಅಡಿಗಿ ಮಾಡ್ಯಾರ, ಬಡಿಸಿದಾಂವ ಕುಣ್ಯಾಕತ್ತಾನ” ಎಂದು ಬೈಯುತ್ತಿದ್ದರು. ಬೂಟು ಇದ್ದವರೂ ಬರಿಗಾಲಲ್ಲೇ ಆಡಬೇಕು. ಇದರ ಕಾರಣವನ್ನು ಅವರು ಯಾರಿಗೂ ಹೇಳಲಿಲ್ಲ.

ಎಲ್ಲಕ್ಕಿಂತ ವಿಚಿತ್ರವಾದದ್ದು ಅವರ ಗೆರೆಯ ನಿಯಮ. ಬೈಲಿನ ಸುತ್ತ ಸುಣ್ಣದ ಗೆರೆ ಎಳೆದಿರುತ್ತಿತ್ತು. ಗೆರೆಯ ಹೊರಗೆ ಅವರಷ್ಟು ಮರ್ಯಾದಸ್ಥರು ಇಲ್ಲ. ಬೈಲು ನೋಡಿಕೊಳ್ಳುವ ಮಾಲಿ ಮೌಲಾಲಿಗೂ ‘ಸುಣ್ಣ ಕಲಸ್ರಿ’ ಎನ್ನುವರು. ಆದರೆ ಗೆರೆ ದಾಟಿ ಒಳಗೆ ಕಾಲಿಟ್ಟರೆ ‘ರಿ’ ಎಂಬ ಅಕ್ಷರ ಯಾರ ಬಾಯಲ್ಲೂ ಬರಕೂಡದು. ಎಲ್ಲರೂ ‘ಲೇ’. ಹೆಸರೂ ಅರ್ಧ. ಪರಪ್ಪ ಪರ್ಯಾ, ಗುರುಪಾದ ಗುರ್‍ಯಾ. ಮಾಸ್ತರರನ್ನೂ ಹಾಗೇ ಕರೆಯಬೇಕು. ಅಷ್ಟು ಧೈರ್ಯ ಮಾತ್ರ ಯಾರಿಗೂ ಬಂದಿರಲಿಲ್ಲ.

“ಆಡೂದು ಅಂದ್ರ ಎರಡೂ ಹೌದು ನಮ್ಮ ಭಾಷಾದಾಗ” ಎನ್ನುತ್ತಿದ್ದರು ಅವರು. “ಚೆಂಡಾಡೂದು, ಮಾತಾಡೂದು. ಬಾಯಿ ಮುಚ್ಚಿದಾಂವಗ ಕಾಲು ಎಷ್ಟು ಛಲೋ ಇದ್ದರೂ ಅರ್ಧಾ ಆಟ.”

ನಿಯಮ ಹುಟ್ಟಿದ ಕತೆಯನ್ನೂ ಹೇಳುತ್ತಿದ್ದರು. ರೇಲ್ವೆ ತಂಡದಲ್ಲಿ ಅವರು ಗೋಲಿ. ಅವರ ಮುಂದೆ ಬ್ಯಾಕ್ ಆಡುತ್ತಿದ್ದಾತ ಅವರದೇ ವಿಭಾಗದ ಫೋರ್‌ಮನ್, ಗೋರಾ ಸಾಹೇಬ. ಎತ್ತರದ ಚೆಂಡೊಂದು ಬಂತು. ಅದು ಗೋಲಿಯ ಚೆಂಡು. “ನಾ ‘ಸಾಹೇಬ್, ಜರಾ ಛೋಡಿಯೇ’, ಸ್ವಲ್ಪ ಬಿಡ್ರಿ, ಅನ್ನೂದ್ರಾಗ ಸಾಹೇಬ ತಲಿ ಕೊಟ್ಟ. ಚೆಂಡು ನಮ್ಮ ಜಾಳಿಗ್ಯಾಗ! ಮರುದಿನ ಕಾರಖಾನ್ಯಾಗ ಅಂವಾ ಬೈದ: ‘ಮೊದಲ ಯಾಕ ಹೇಳಲಿಲ್ಲ?’ ಹೇಳಾಕತ್ತಿದ್ದೆ ಭಾಯಿ, ಮರ್ಯಾದಿ ಭಾಳ ಉದ್ದ ಇತ್ತು!”

ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಉಡಚಪ್ಪನಿಗೆ ಮಾತ್ರ ನಗೆ ಬರಲಿಲ್ಲ. ಅವನ ಮುಂದೆ ಬ್ಯಾಕ್ ಆಡುತ್ತಿದ್ದವನು ನೀಲಕಂಠಪ್ಪ, ತಂಡದ ಕ್ಯಾಪ್ಟನ್, ಅವನದೇ ಊರಿನ ಗೌಡರ ಮಗ. ಉಡಚಪ್ಪನ ತಂದೆ ಬಸಣ್ಣ ಅದೇ ಗೌಡರ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಿದ್ದ. ಅಜ್ಜನ ಕಾಲದಿಂದ ಬಂದ ಲಾವಣಿ. ಕಾಗದವಿಲ್ಲ, ಪತ್ರವಿಲ್ಲ. ಗೌಡರು ‘ಮಾಡು’ ಅಂದರೆ ಉಂಟು, ‘ಬಿಡು’ ಅಂದರೆ ಇಲ್ಲ. ಧಾರವಾಡಕ್ಕೆ ಹೊರಟ ದಿನ ಬಸಣ್ಣ ಮಗನಿಗೆ ಹೇಳಿದ್ದು ಒಂದೇ ಮಾತು: “ಕಲತೇನಿ ಅಂತ ಬಾಯಿ ಬಿಡಬ್ಯಾಡ.”

ನೀಲಕಂಠಪ್ಪನಿಗೆ ಆ ದೊಡ್ಡಸ್ತಿಕೆ ಬೇಕಿರಲಿಲ್ಲ. ಒಳ್ಳೆಯ ಹುಡುಗ, ಹುಂಬ, ಚೆಂಡು ಕಂಡರೆ ಗೂಳಿಯಂತೆ ನುಗ್ಗುವವನು. ಉಡಚಪ್ಪ ‘ಗೌಡ್ರ, ಬಿಡ್ರಿ’ ಎಂದು ಕೂಗುವಷ್ಟರಲ್ಲಿ ಅವನು ಚೆಂಡಿಗೆ ತಲೆ ಕೊಟ್ಟಾಗಿರುತ್ತಿತ್ತು. ಹಾಗೆ ತಮ್ಮದೇ ಜಾಳಿಗೆಗೆ ಗೋಲುಗಳು ಬಿದ್ದವು.

ಉಡಚಪ್ಪ ಒಂದು ಉಪಾಯ ಮಾಡಿದ. ‘ಬಿಡು’ವೂ ಇಲ್ಲ, ‘ಬಿಡ್ರಿ’ಯೂ ಇಲ್ಲ, ಬರೇ ‘ಬಾಲು! ಬಾಲು!’ ಎಂದು ಕಿರುಚತೊಡಗಿದ. ಮಾಸ್ತರರು ಸೀಟಿ ಊದಿ ಆಟ ನಿಲ್ಲಿಸಿದರು.

“ಏನ್ಲೇ ಉಡಚ್ಯಾ, ಬಾಲು ಅಂದ್ರ? ಬಾಲು ಐತಿ ಅನ್ನೂದು ನಮಗೂ ಕಾಣತೈತಿ. ಕಡ್ಲಿ ಮಾರಾಕ ಬಂದೀಯೇನು, ಬಾಲು ಬಾಲು ಅಂತ?”

ಎಲ್ಲರೂ ನಕ್ಕರು. ಉಡಚಪ್ಪ ತಲೆ ತಗ್ಗಿಸಿದ.

“ಮನ್ಯಾಗ ಎತ್ತು ಅದಾವಿಲ್ಲೋ?”

“ಅದಾವ್‌... ಅದಾವ.”

“ಅವಕ್ಕ ಏನಂತ ಒದರ್ತೀ?”

“ಲೇ ಕೆಂಚಾ ಅಂತೇನಿ.”

“ಸಿಟ್ಟಿಲೆ ಅಂತೀಯೋ, ಪ್ರೀತಿಲೆ ಅಂತೀಯೋ?”

“ಪ್ರೀತಿಲೆ.”

ನೀಲಕಂಠಪ್ಪ ದೂರದಿಂದಲೇ ಕೂಗಿದ: “ನನ್ನ ಎತ್ತು ಅಂತ ತಿಳಕೊಂಡ ಬಿಡೋ ಮಾರಾಯಾ! ಹುಲ್ಲು ಹಾಕಬ್ಯಾಡ ಅಷ್ಟ!”

ಆದರೂ ಉಡಚಪ್ಪನ ನಾಲಗೆ ಹೊರಳಲಿಲ್ಲ. ಅಂದು ಆಟ ಮುಗಿದ ಮೇಲೆ ಮಾಸ್ತರರು ಅವನನ್ನು ಗೆರೆಯ ಹೊರಗೆ ಕರೆದುಕೊಂಡು ಬಂದು, ‘ರಿ’ ಹಚ್ಚಿಯೇ ಹೇಳಿದರು.

“ಮುಂದ ಆಡಾಂವಗ ಮುಂದಿಂದಷ್ಟ ಕಾಣತೈತ್ರಿ. ಗೋಲಿ ಎಲ್ಲಾರ ಬೆನ್ನೂ ನೋಡ್ತಾನ. ಕಾಣಾಂವ ಹೇಳಬೇಕು, ಕಾಣದಾಂವ ಕೇಳಬೇಕು. ಅದರಾಗ ದೊಡ್ಡಾಂವ ಯಾರು, ಸಣ್ಣಾಂವ ಯಾರು? ಮುಂದಿನ ಐತವಾರ ಬೆಳಗಾವಿಯವರ ಕೂಡ ಮ್ಯಾಚ್ ಐತಿ. ಅಷ್ಟರಾಗ ನಿಮಗ ಬಾಯಿ ಬರಲಿಲ್ಲ ಅಂದ್ರ ಜಾಳಿಗಿ ಮುಂದ ಬ್ಯಾರೆಯವ್ರು ನಿಂದರ್ತಾರ್ರಿ.”

ಉಡಚಪ್ಪ ಮಾಳಮಡ್ಡಿಯ ಬಾಡಿಗೆ ಖೋಲಿಗೆ ನಡೆದುಕೊಂಡು ಹೋದ. ಆ ಜಾಳಿಗೆಯ ಮುಂದೆ ನಿಂತಾಗ ಮಾತ್ರ ತಾನೂ ಈ ಊರಿನಲ್ಲಿ ಒಬ್ಬ ಮನುಷ್ಯನೆಂದು ಅವನಿಗೆ ಅನ್ನಿಸುತ್ತಿತ್ತು. ಕ್ಲಾಸಿನಲ್ಲಿ ಅವನ ಭಾಷೆಗೆ ನಗುವವರು ಬೈಲಿನಲ್ಲಿ ಅವನ ಕೈಗೆ ಶಹಬ್ಬಾಸ್ ಎನ್ನುತ್ತಿದ್ದರು. ಅದನ್ನು ಬಿಡುವುದೋ, ಅಪ್ಪನ ಹೊಲವನ್ನು ಪಣಕ್ಕೆ ಒಡ್ಡುವುದೋ? ಕಡೆಗೆ ತನಗೆ ತಾನೇ ಸಮಾಧಾನ ಹೇಳಿಕೊಂಡ: ಗೌಡರು ಇರುವುದು ಊರಲ್ಲಿ. ಅವರ ಕಿವಿ ಧಾರವಾಡದ ತನಕ ಬರುವುದಿಲ್ಲ.

ಐತವಾರ ಬೆಳಗಾವಿಯ ತಂಡ ಬಂದು ಬೈಲಿಗಿಳಿದಾಗ ಜನ ಗೆರೆಯ ಸುತ್ತ ಕಿಕ್ಕಿರಿದಿದ್ದರು. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಜರದ ರುಮಾಲು ಸುತ್ತಿದ ಊರ ಗೌಡರು ಕೂತಿದ್ದರು. ಮಗನ ಆಟ ನೋಡಲು ಬಂದಿದ್ದರು. ಅವರ ಬಂಡಿ ಹೊಡೆದುಕೊಂಡು ಬಂದ ಬಸಣ್ಣ ಕುರ್ಚಿಯ ಹಿಂದೆ ನಿಂತಿದ್ದ.

ಉಡಚಪ್ಪ ಅಪ್ಪನನ್ನು ನೋಡಿದ. ಮಾಸ್ತರರನ್ನೂ ನೋಡಿದ. ಮಾಸ್ತರರು ಗೆರೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಹುಲ್ಲು ಕೀಳುತ್ತಿದ್ದರು.

ಆಟ ಬಹಳ ಹೊತ್ತು ಸಮಸಮನಾಗಿ ನಡೆಯಿತು. ಕೊನೆಗೆ ಬೆಳಗಾವಿಯವನೊಬ್ಬ ಮೂಲೆಯಿಂದ ಚೆಂಡನ್ನು ಎತ್ತರಕ್ಕೆ ಹೊಡೆದ. ಒದ್ದೆ ಚೆಂಡು, ಭಾರವಾದದ್ದು. ನೀಲಕಂಠಪ್ಪ ಬೆನ್ನು ತಿರುಗಿಸಿಕೊಂಡೇ ಹಿಂದಕ್ಕೆ ಓಡಿ ಬರುತ್ತಿದ್ದ. ಅವನ ಹಿಂದೆ ಎದುರಾಳಿ ಇದ್ದದ್ದು ಅವನಿಗೆ ಕಾಣುತ್ತಿರಲಿಲ್ಲ, ಉಡಚಪ್ಪನಿಗೆ ಕಾಣುತ್ತಿತ್ತು. ಚೆಂಡು ಬಣವೆಯ ಮೇಲೆ ಬರುವ ಸಿವುಡಿನ ಹಾಗೆ ಸೀದಾ ತನ್ನ ಕೈಗೇ ಬರುವುದಿತ್ತು.

“ಲೇ ನೀಲ್ಯಾ! ಬಿಡಲೇ!”

ಬೈಲೆಲ್ಲ ಕೇಳುವಂತೆ ಕೂಗಿದ್ದ. ನೀಲಕಂಠಪ್ಪ ಏಟು ಬಿದ್ದವನಂತೆ ತಲೆ ತಗ್ಗಿಸಿ ಪಕ್ಕಕ್ಕೆ ಸರಿದ. ಚೆಂಡು ಉಡಚಪ್ಪನ ಎದೆಗೆ ಬಂದು ಕೂತಿತು.

ಆ ಮ್ಯಾಚನ್ನು ಅವರು ಸೋತರು. ಮುಗಿಯುವ ಮುಂಚೆ ಬೇರೆ ಕಡೆಯಿಂದ ಗೋಲು ಬಿತ್ತು. ಅದನ್ನು ಯಾರೂ ತಡೆಯುವಂತಿರಲಿಲ್ಲ. ಆದರೆ ಆಟ ಮುಗಿದ ಮೇಲೆ ಸೋಲಿನ ಮಾತು ಯಾರೂ ಎತ್ತಲಿಲ್ಲ. ಗೌಡರು ಕುರ್ಚಿಯಿಂದ ಎದ್ದು ಮಾಸ್ತರರ ಹತ್ತಿರ ಬಂದರು. ಬಸಣ್ಣ ಹಿಂದೆಯೇ ಬಂದ.

“ಮಾಸ್ತರ, ನಮ್ಮೂರ ಗರಡ್ಯಾಗೂ ಹುಡುಗರು ಲೇ ಅಂತಾರ. ಲೇ ಅಂದದ್ದಕ್ಕ ನಂಗ ಸಿಟ್ಟಿಲ್ಲ” ಎಂದರು ಗೌಡರು. “ಈ ಬಸ್ಯಾನ ಮಗ ‘ಬಿಡಲೇ’ ಅಂದಕೂಡ್ಲೆ ನನ್ನ ಮಗಾ ಬಿಟ್ಟನಲ್ಲ, ಅದು ಹೊಟ್ಟ್ಯಾಗ ಇಳೀವಲ್ದು. ಅಂವಾ ಕ್ಯಾಪ್ಟನ್ ಹೌದೋ ಅಲ್ಲೋ?”

“ಅದಕ್ಕ ಅವರನ್ನ ಕ್ಯಾಪ್ಟನ್ ಮಾಡೇನ್ರಿ ಗೌಡ್ರ” ಎಂದರು ಮಾಸ್ತರರು. “ಒದರಾವ್ರು ಓಣಿಗೊಬ್ಬರು ಸಿಗ್ತಾರ್ರಿ. ಹಿಂದಿನಾಂವ ಹೇಳಿದ ಅಂತ ಬಿಡಾಂವ ಸಿಗೂದು ಕಠಿಣ. ಇವತ್ತ ನೀಲಕಂಠಪ್ಪನವ್ರು ಬಿಟ್ರು. ಇಷ್ಟು ದಿನಕ್ಕ ಅವರಿಗೆ ಆಟ ಬಂತು.”

ಗೌಡರು ಮೀಸೆ ಸವರಿಕೊಂಡರು. “ಗೆರಿ ಒಳಗ ನಿಮ್ಮ ಕಾಯ್ದೆ. ಊರಾಗ?”

“ಊರು ನಿಮ್ದು. ಗೆರಿ ಅಷ್ಟ ನಂದು.”

ಗೌಡರು ನಕ್ಕರು. ಬಂಡಿಯ ಕಡೆ ಹೊರಳುವಾಗ ಬಸಣ್ಣನಿಗೆ ಹೇಳಿದರು: “ಬನ್ನಿ ಹಬ್ಬಕ್ಕ ನಿನ್ನ ಮಗಾ ಊರಿಗೆ ಬರ್ತಾನಲ್ಲ. ಅಲ್ಲಿ ಏನಂತಾನ ನೋಡೂಣು. ಲಾವಣಿ ಮಾತು ಆಮ್ಯಾಲೆ.”

ವಿಜಯದಶಮಿಯ ಸಂಜೆ ಊರವರೆಲ್ಲ ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗುವುದು ವಾಡಿಕೆ. ಕಿರಿಯರು ಹಿರಿಯರ ಕೈಗೆ ಎಲೆ ಕೊಟ್ಟು ಕಾಲು ಮುಟ್ಟುತ್ತಾರೆ. ಓರಗೆಯವರು ಕೊಟ್ಟು ತೆಗೆದುಕೊಂಡು ಅಪ್ಪಿಕೊಳ್ಳುತ್ತಾರೆ. ಗೌಡರ ಪಡಸಾಲೆ ತುಂಬಿತ್ತು. ಉಡಚಪ್ಪ ಅಪ್ಪನ ಜೊತೆ ಒಳಗೆ ಬಂದ. ಗೌಡರ ಕಾಲು ಮುಟ್ಟಿದ. ಪಕ್ಕದಲ್ಲಿ ನೀಲಕಂಠಪ್ಪ ನಗುತ್ತ, ಎರಡೂ ಕೈ ಚಾಚಿ ಅಪ್ಪಿಕೊಳ್ಳಲು ನಿಂತಿದ್ದ. ಪಡಸಾಲೆಯವರೆಲ್ಲ ಇತ್ತ ತಿರುಗಿದರು. ಧಾರವಾಡದ ಕೂಗು ಊರಿಗೆಲ್ಲ ಗೊತ್ತಾಗಿತ್ತು.

ಉಡಚಪ್ಪನ ಕಣ್ಣಿಗೆ ಅಪ್ಪನ ಕೈ ಕಂಡಿತು. ಅದರೊಳಗೆ ಬನ್ನಿ ಎಲೆ ಹಿಚುಕಿ ಮುದ್ದೆಯಾಗಿತ್ತು.

“ಬನ್ನಿ ತಗೋರಿ ಗೌಡ್ರ. ಬಂಗಾರದಂಗ ಇರೂಣ್ರಿ” ಎಂದು ಉಡಚಪ್ಪ ಬಗ್ಗಿ ಎಲೆ ಕೊಟ್ಟ.

ನೀಲಕಂಠಪ್ಪನ ಕೈಗಳು ಕೆಳಗಿಳಿದವು. ಅವನಿಗಷ್ಟೇ ಕೇಳುವಂತೆ, “ಒಮ್ಮೆ ಲೇ ಅನ್ನೋ, ಉಡಚ್ಯಾ” ಎಂದ. ಉಡಚಪ್ಪ ಹಿಂದೆ ಸರಿದು ನಿಂತ.

ಗೌಡರು ಬಸಣ್ಣನಿಗೆ ಎಲೆ ಅಡಿಕೆ ಕೊಟ್ಟು, “ಹಿಂಗಾರಿ ಬಿತ್ತಿಗಿ ಲಗೂ ಮುಗಿಸು” ಎಂದರು. ಲಾವಣಿ ಉಳಿಯಿತು.

ರಜೆ ಮುಗಿಸಿ ಧಾರವಾಡಕ್ಕೆ ಬಂದ ಮೇಲೆ ನೀಲಕಂಠಪ್ಪ ಮೊದಲಿನಂತೆ ಇರಲಿಲ್ಲ. ಉಡಚಪ್ಪ ‘ಲೇ ನೀಲ್ಯಾ’ ಎಂದು ಕೂಗಿದರೆ ಕೇಳಿಸದವನಂತೆ ಆಡುತ್ತಿದ್ದ. ಇಬ್ಬರೂ ಡಿಕ್ಕಿ ಹೊಡೆದು ಬಿದ್ದದ್ದೂ ಆಯಿತು. “ಗೆರಿ ಒಳಗಷ್ಟ ನಾ ನಿನ್ನ ಗೆಳೆಯಾ ಏನು? ಹಂಗಿದ್ರ ನಂಗ ಆ ಲೇ ಬ್ಯಾಡ” ಎಂದು ಎದ್ದು ಮಣ್ಣು ಜಾಡಿಸಿಕೊಂಡ. ಆಟದ ನಡುವೆ ನೀರು ಕುಡಿಯಲು ಬೇವಿನ ಮರದ ಕೆಳಗೆ ಬಂದಾಗ ಮೊದಲು ಗೌಡರ ಮಗನ ತಾಮ್ರದ ತಂಬಿಗೆ, ಆಮೇಲೆ ಉಳಿದವರ ಮಣ್ಣಿನ ಹರವಿ. ಗೆರೆ ದಾಟಿ ಹೊರಗೆ ಬಂದ ಕೂಡಲೇ ಎಲ್ಲರ ಬಾಯಿಗೂ ‘ರಿ’ ಬಂದು ಕೂಡುತ್ತಿತ್ತು. ಅದು ಮುಂಚಿನಿಂದಲೂ ಹಾಗೇ ಇತ್ತು. ಉಡಚಪ್ಪನಿಗೆ ಕಂಡದ್ದು ಈಗ.

ಅವನು ಜಿಮಖಾನಾ ಕೋಣೆಗೆ ಹೋದ. ಮಾಸ್ತರರು ಅಂದಿನಂತೆಯೇ ಗೋಣಿಚೀಲದ ಮೇಲೆ ಕೂತು ಚೆಂಡಿನ ಬಾಯಿ ಬಿಗಿಯುತ್ತಿದ್ದರು. ಉಡಚಪ್ಪ ಕೇಳದೆಯೇ ಹೆಬ್ಬೆರಳು ಇಟ್ಟ. ಊರಿನ ಸಂಗತಿ ಹೇಳಿ, ಕೇಳಿದ:

“ಒಳಗಿಂದು ಕಲಿಸಿದ್ರಿ ಮಾಸ್ತರ. ಗೆರಿ ಹೊರಗ ಹ್ಯಾಂಗ ಆಡಬೇಕ್ರಿ?”

ಮಾಸ್ತರರು ದಾರವನ್ನು ಇನ್ನೊಂದು ಸುತ್ತು ಎಳೆದರು.

“ಖರೇ ಹೇಳಲೇನ್ರಿ? ಗೆರಿ ಹೊರಗ ನಾನೂ ಆಡಿಲ್ಲ. ಆಫೀಸಿನಾಗ ನನಗ ‘ಗೌಸ್ಯಾ’ ಅಂತಾರ, ನಾ ‘ಜೀ ಸಾಹೇಬ್’ ಅಂತೇನಿ. ಅಲ್ಲಿಯ ಲೇ ಬ್ಯಾರೆ ಐತ್ರಿ, ಅದು ಒಂದ ಕಡಿಯಿಂದಷ್ಟ ಬರ್ತೈತಿ. ನಿಮ್ಮಪ್ಪನ ಹೊಲಾ ಹೋಗಲಿ ಅಂತ ನಾ ಹ್ಯಾಂಗ ಹೇಳಲಿ? ನೀವು ಮಾಡಿದ್ದು ತಪ್ಪಲ್ಲ. ಗೆರಿ ಸಣ್ಣದಾತು, ಅಷ್ಟ.”

“ಬೆರಳ್ರಿ, ಮಾಸ್ತರ!”

“ಹಾಂ! ಈಗ ಲಗೂ ಹೇಳಿದ್ರಿ” ಎಂದು ನಕ್ಕು ದಾರ ಸಡಿಲಿಸಿದರು.

ಮರುದಿನ ಹುಡುಗರು ಬೈಲಿಗೆ ಬಂದಾಗ ಆಟದ ಗೆರೆಯ ಆಚೆ ಇನ್ನೊಂದು ಸುಣ್ಣದ ಗೆರೆ ಇತ್ತು. ಸೊಟ್ಟಸೊಟ್ಟಗೆ ಹೊರಟು, ಬೇವಿನ ಮರವನ್ನೂ ನೀರಿನ ಹರವಿಗಳನ್ನೂ ಸುತ್ತುವರಿದಿತ್ತು. ಮೌಲಾಲಿ ಖಾಲಿ ಡಬ್ಬಿ ಹಿಡಿದು ಗೊಣಗುತ್ತಿದ್ದ.

“ಇದ್ಯಾವ ಆಟದ ಗೆರಿ ಮಾಸ್ತರ? ಮರಾನೂ ಚೆಂಡು ಆಡತೈತೇನ್ರಿ?”

“ಆ ಗೆರಿ ಆಟದ ಪುಸ್ತಕದ್ದು ಮೌಲಾಲಿ. ಇದು ನಂದು. ನಾಳಿಗೆ ಸುಣ್ಣ ಜಾಸ್ತಿ ಕಲಸ್ರಿ.”

ಅಂದು ನೀರು ಕುಡಿಯುವ ಹೊತ್ತಿಗೆ ಹುಡುಗರು ಹಳೆಯ ಗೆರೆ ದಾಟಿ ಬಂದು, ಹೊಸ ಗೆರೆ ನೋಡಿ, ಯಾರಿಗೆ ಏನು ಅನ್ನಬೇಕೆಂದು ತಿಳಿಯದೆ ನಿಂತರು. ನೀಲಕಂಠಪ್ಪ ಸ್ವಲ್ಪ ಹೊತ್ತು ಗೆರೆಯನ್ನೇ ನೋಡಿದ. ಆಮೇಲೆ ತಂಬಿಗೆ ಎತ್ತಿ ಉಡಚಪ್ಪನ ಮುಂದೆ ಹಿಡಿದ.

“ಹಿಡೀಲೇ.”

“ಮೊದಲ ನೀ ಕುಡೀಲೇ ನೀಲ್ಯಾ” ಎಂದ ಉಡಚಪ್ಪ.

ಊರಿನಲ್ಲಿ ಉಡಚಪ್ಪ ಮುಂದೆಯೂ ‘ಗೌಡ್ರ’, ‘ರಿ’ ಎಂದೇ ನಡೆದ. ನೀಲಕಂಠಪ್ಪ ಅದಕ್ಕೆ ಮತ್ತೆ ಮುನಿಯಲಿಲ್ಲ. ಧಾರವಾಡಕ್ಕೆ ಬಂದ ಮೇಲೆ ಬೇವಿನ ಮರದ ಕೆಳಗೆ ಬಡ್ಡಿ ಸಮೇತ ‘ಲೇ’ ವಸೂಲು ಮಾಡುತ್ತಿದ್ದ. ಅವರ ತಂಡ ಬೆಳಗಾವಿಯವರನ್ನು ಒಮ್ಮೆಯೂ ಸೋಲಿಸಲಿಲ್ಲ. ಈಗ ನೀಲಕಂಠಪ್ಪ ಊರಿನ ಗೌಡ. ಬಸಣ್ಣ ಕೊನೆಯ ತನಕ ಆ ಹೊಲವನ್ನೇ ಮಾಡಿದ. ಉಡಚಪ್ಪ ಬಿ.ಎ. ಮುಗಿಸಿ ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದಾನೆ.

ಗೌಸಮೊದ್ದೀನ ಮಾಸ್ತರರು ಕಾಲೇಜಿನ ಕೆಲಸ ಬಿಟ್ಟು ಉಣಕಲ್ಲಿನಲ್ಲಿ ಮಗಳ ಮನೆಯಲ್ಲಿ ಇದ್ದಾರೆ. ಬೆಳಗ್ಗೆ ತಂದೆಯ ಹಳೆಯ ಅಂಗಡಿಯಲ್ಲಿ ಕಂದೀಲು ರಿಪೇರಿ ಮಾಡುತ್ತಾರೆ. ಸಂಜೆ ಕೆರೆಯ ಕೆಳಗಿನ ಬೈಲಿನಲ್ಲಿ ಊರ ಹುಡುಗರಿಗೆ ಚೆಂಡಾಟ ಕಲಿಸುತ್ತಾರೆ. ಗೆರೆಯನ್ನು ತಾವೇ ಎಳೆಯುತ್ತಾರೆ. ಅಲ್ಲಿ ಅದು ಹುಡುಗರು ನೀರು ಸೇದುವ ಬಾವಿಯನ್ನೂ ಒಳಗೆ ತೆಗೆದುಕೊಂಡು ದಾಟಿ ಹೋಗುತ್ತದೆ.